ಹಳೆಯ ಸೀಸೆಯ ಗುಟ್ಟು ಬಿಡಿಸಿದ ಮಾರಿಸ್ ಖರಾಷ್

ಪದವಿಪೂರ್ವ ತರಗತಿಯಲ್ಲಿ ವಿಜ್ಞಾನ ಓದಿದವರೆಲ್ಲರೂ ಒಮ್ಮೆಯಾದರೂ ಖರಾಷ್ ಪರಿಣಾಮ ಎಂಬ ಮಾತನ್ನು ಬಾಯಿಪಾಠ ಮಾಡಿರುತ್ತಾರೆ. ಪ್ರೊಪೀನ್ ಅನಿಲಕ್ಕೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದಾಗ ಬ್ರೋಮಿನ್ ನಡುವಿನ ಕಾರ್ಬನ್ನಿಗೆ ಅಂಟಿಕೊಳ್ಳುತ್ತದೆ. ಪೆರಾಕ್ಸೈಡ್ ಇದ್ದರೆ ಮಾತ್ರ ತುದಿಯ ಕಾರ್ಬನ್ನಿಗೆ ಅಂಟಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಕೆಲವೇ ಅಂಕಗಳಿಗೆ ಬಂದು ಹೋಗುವ ಈ ಪ್ರಶ್ನೆಯ ಹಿಂದೆ ಎಷ್ಟೋ ವರ್ಷಗಳ ಒಂದು ವಿವಾದವಿದೆ, ಅದನ್ನು ಬಗೆಹರಿಸಿದ ಒಬ್ಬ ಹಠವಾದಿ ವಿಜ್ಞಾನಿಯ ಬದುಕಿದೆ. ಆ ವಿಜ್ಞಾನಿಯೇ ಮಾರಿಸ್ ಸೆಲಿಗ್ ಖರಾಷ್.

ಖರಾಷ್ ಅವರು ಜನಿಸಿದ್ದು 1895ರ ಆಗಸ್ಟ್ 24ರಂದು, ಅಂದಿನ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಕ್ರೆಮೆನೆಟ್ಸ್ ಎಂಬ ಪಟ್ಟಣದಲ್ಲಿ. ಅದು ಈಗ ಉಕ್ರೇನ್ ದೇಶದ ಪಶ್ಚಿಮ ಭಾಗದಲ್ಲಿದೆ. ಹದಿಮೂರರ ಹರೆಯದಲ್ಲಿ ಅವರು ಅಮೆರಿಕಕ್ಕೆ ವಲಸೆ ಹೋದರು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ 1917ರಲ್ಲಿ ಪದವಿಯನ್ನೂ 1919ರಲ್ಲಿ ಡಾಕ್ಟರೇಟನ್ನೂ ಪಡೆದರು. ಈ ಎರಡರ ನಡುವೆ ಮೊದಲನೆಯ ಮಹಾಯುದ್ಧದ ಕಾಲದ ಸೇನಾ ಸೇವೆಯೂ ಆಯಿತು. 1922ರಿಂದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ಅವರು 1928ರಲ್ಲಿ ಮರಳಿ ಶಿಕಾಗೊ ಸೇರಿದರು. ಅಲ್ಲಿಂದ ಮುಂದಕ್ಕೆ ಜೀವನದ ಕೊನೆಯವರೆಗೂ ಅದೇ ಅವರ ಕರ್ಮಭೂಮಿಯಾಯಿತು.

ಮೊದಲ ಹೆಸರು ತಂದ ಪಾದರಸ

ಮೇರಿಲ್ಯಾಂಡಿನ ದಿನಗಳಲ್ಲಿ ಖರಾಷ್ ಅವರ ಗಮನ ಪಾದರಸದ ಸಾವಯವ ಸಂಯುಕ್ತಗಳ ಮೇಲಿತ್ತು. ಅವುಗಳಲ್ಲಿ ಒಂದು ಥಯೋಮರ್ಸಾಲ್. ತೂಕದ ಸುಮಾರು ಅರ್ಧ ಭಾಗ ಪಾದರಸವೇ ಆಗಿರುವ ಈ ವಸ್ತು ಸೂಕ್ಷ್ಮಜೀವಿಗಳನ್ನು ತಡೆಯಬಲ್ಲದು. ಎಲಿ ಲಿಲ್ಲಿ ಕಂಪನಿ ಇದನ್ನು ಮರ್ಥಿಯೊಲೇಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅಂಥದೊಂದು ವಸ್ತುವಿನ ಅಗತ್ಯ ಎಷ್ಟಿತ್ತು ಎಂಬುದನ್ನು 1928ರ ಜನವರಿಯಲ್ಲಿ ಆಸ್ಟ್ರೇಲಿಯದ ಬುಂಡಬರ್ಗ್ ಪಟ್ಟಣದಲ್ಲಿ ನಡೆದ ದುರಂತ ತೋರಿಸಿಕೊಟ್ಟಿತ್ತು. ಸಂರಕ್ಷಕವಿಲ್ಲದ ಡಿಫ್ತೀರಿಯಾ ಲಸಿಕೆಯ ಸೀಸೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು, ಚುಚ್ಚಿಸಿಕೊಂಡ 12 ಮಕ್ಕಳು ಅಸುನೀಗಿದ್ದರು. ಮುಂದಿನ ದಶಕಗಳಲ್ಲಿ ಥಯೋಮರ್ಸಾಲ್ ಹಲವು ಲಸಿಕೆಗಳ ಸಂರಕ್ಷಕವಾಯಿತು.

ಈ ಕಥೆಗೆ ಮತ್ತೊಂದು ಮುಖವೂ ಉಂಟು. ಪಾದರಸದ ಬಗೆಗಿನ ಆತಂಕದಿಂದ 1999ರಲ್ಲಿ ಅಮೆರಿಕದ ಆರೋಗ್ಯ ಸಂಸ್ಥೆಗಳು ಮಕ್ಕಳ ಲಸಿಕೆಗಳಿಂದ ಇದನ್ನು ಮುನ್ನೆಚ್ಚರಿಕೆಯಾಗಿ ಕೈಬಿಡುವಂತೆ ಕೋರಿದವು. ಆಟಿಸಮ್‌ಗೆ ಇದೇ ಕಾರಣವೆಂಬ ಗುಲ್ಲೂ ಎದ್ದಿತು. ಅನಂತರ ಹಲವು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಂಡುಬರಲಿಲ್ಲ.

ಎರಡು ಬಣಗಳ ವಾದ

ಖರಾಷ್ ಅವರ ಹೆಸರನ್ನು ಪಠ್ಯಪುಸ್ತಕಕ್ಕೆ ಏರಿಸಿದ್ದು ಮಾತ್ರ ಬೇರೆಯೇ ಒಂದು ಸಮಸ್ಯೆ. ರಷ್ಯಾದ ಕಜಾನ್ ನಗರದಲ್ಲಿದ್ದ ವ್ಲಾದಿಮಿರ್ ಮಾರ್ಕೊವ್ನಿಕೊವ್ 1870ರ ಸುಮಾರಿಗೆ ಒಂದು ನಿಯಮವನ್ನು ಹೇಳಿದ್ದರು. ದ್ವಿಬಂಧವುಳ್ಳ ಅಣುವಿಗೆ ಹೈಡ್ರೋಜನ್ ಹ್ಯಾಲೈಡ್ ಸೇರುವಾಗ ಹೆಚ್ಚು ಹೈಡ್ರೋಜನ್ ಇರುವ ಕಾರ್ಬನ್ನಿಗೇ ಹೈಡ್ರೋಜನ್ ಹೋಗುತ್ತದೆ ಎಂಬುದು ಆ ನಿಯಮದ ಸಾರ. ಉಳ್ಳವರಿಗೇ ಮತ್ತಷ್ಟು ಸೇರುವ ಲೋಕರೂಢಿಯಂತೆ ಇದೂ ಬಹುಮಟ್ಟಿಗೆ ನಿಜವಾಗುತ್ತಿತ್ತು. ಆದರೆ ಹೈಡ್ರೋಜನ್ ಬ್ರೋಮೈಡಿನ ವಿಷಯದಲ್ಲಿ ಮಾತ್ರ ನಿಯಮ ಕೈಕೊಡುತ್ತಿತ್ತು. ಒಂದು ಪ್ರಯೋಗಶಾಲೆಯಲ್ಲಿ ಒಂದು ವಸ್ತು ಬಂದರೆ, ಮತ್ತೊಂದರಲ್ಲಿ ಇನ್ನೊಂದು. ಒಮ್ಮೊಮ್ಮೆ ಅದೇ ಪ್ರಯೋಗಶಾಲೆಯಲ್ಲಿ ನಿನ್ನೆ ಬಂದದ್ದು ಇಂದು ಬರುತ್ತಿರಲಿಲ್ಲ. ದ್ರಾವಕ ಕಾರಣವೆಂದರು ಕೆಲವರು, ಉಷ್ಣತೆ ಎಂದರು ಮತ್ತೆ ಕೆಲವರು. ಎದುರಾಳಿಯ ಪ್ರಯೋಗವೇ ತಪ್ಪೆಂದು ತಳ್ಳಿಹಾಕುವುದೂ ನಡೆಯಿತು.

ಶಿಕಾಗೊದಲ್ಲಿ ಖರಾಷ್ ಅವರು ಈ ಪ್ರಶ್ನೆಯನ್ನು ತಮ್ಮ ವಿದ್ಯಾರ್ಥಿ ಫ್ರಾಂಕ್ ಮೇಯೊ ಅವರ ಕೈಗಿತ್ತರು. ಅವರು ಆರಿಸಿಕೊಂಡದ್ದು ಆಲೈಲ್ ಬ್ರೋಮೈಡ್ ಎಂಬ ಸಾವಯವ ಹ್ಯಾಲೈಡನ್ನು. ಇದಕ್ಕೆ ಹೈಡ್ರೋಜನ್ ಬ್ರೋಮೈಡ್ ಸೇರಿದರೆ ಎರಡು ಬಗೆಯ ಡೈಬ್ರೋಮೊಪ್ರೊಪೇನ್‌ಗಳು ಬರಬಹುದು. ಎರಡರಲ್ಲಿಯೂ ಅವೇ ಪರಮಾಣುಗಳು, ಅಷ್ಟೇ ತೂಕ. ಆದರೆ 1,2 ಎಂಬುದು ಸುಮಾರು 141 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, 1,3 ಎಂಬುದು ಸುಮಾರು 167 ಡಿಗ್ರಿಯಲ್ಲಿ ಕುದಿಯುತ್ತದೆ. ಹೀಗಾಗಿ ಯಾವುದು ಬಂದಿದೆಯೆಂದು ಗುರುತಿಸಲು ಅಡ್ಡಿಯಿರಲಿಲ್ಲ.

ಪ್ರಯೋಗದ ಮೇಲೆ ಪ್ರಯೋಗ ನಡೆಯಿತು. ಫಲಿತಾಂಶ ಇಲ್ಲಿಯೂ ಅತ್ತಿತ್ತ ಓಲಾಡಿತು. ಗುರುಶಿಷ್ಯರು ತಮಗೆ ಒಪ್ಪುವ ಫಲಿತಾಂಶವನ್ನಷ್ಟೇ ಇಟ್ಟುಕೊಂಡು ಉಳಿದುದನ್ನು ಮರೆಯಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಗಾಳಿಯನ್ನು ಪೂರ್ತಿಯಾಗಿ ಹೊರತೆಗೆದು, ಗಾಜಿನ ನಳಿಕೆಗಳನ್ನು ಬೆಸೆದು ಮುಚ್ಚಿ, ಶುದ್ಧಗೊಳಿಸಿದ ವಸ್ತುವಿನಿಂದ ಪ್ರಯೋಗ ನಡೆಸಿದಾಗ ಕ್ರಿಯೆ ಬಹಳ ನಿಧಾನವಾಗಿ, ದಿನಗಟ್ಟಲೆ ಸಾಗಿ 1,2 ವಸ್ತುವನ್ನು ಕೊಟ್ಟಿತು. ಗಾಳಿ ಅಥವಾ ಪೆರಾಕ್ಸೈಡ್ ಸೇರಿದಾಗ ಅದೇ ಕ್ರಿಯೆ ಚುರುಕಾಗಿ ಮುಗಿದು ಬಹುಪಾಲು 1,3 ವಸ್ತು ಬಂದಿತು.

ಗುಟ್ಟು ಇದ್ದದ್ದು ಸೀಸೆಯಲ್ಲಿ. ಕಪಾಟಿನಲ್ಲಿ ಹಲವು ದಿನ ಕುಳಿತ ಆಲೈಲ್ ಬ್ರೋಮೈಡ್ ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದಷ್ಟು ಪೆರಾಕ್ಸೈಡನ್ನು ತಾನೇ ತಯಾರಿಸಿಕೊಳ್ಳುತ್ತಿತ್ತು. ಹೊಸದಾಗಿ ಬಟ್ಟಿಯಿಳಿಸಿದವನಿಗೆ ಒಂದು ಉತ್ತರ, ಹಳೆಯ ಸೀಸೆಯಿಂದ ಬಗ್ಗಿಸಿಕೊಂಡವನಿಗೆ ಇನ್ನೊಂದು ಉತ್ತರ. ಇಷ್ಟು ವರ್ಷ ಜಗಳವಾಡಿದ ಎರಡು ಬಣದವರೂ ಕಂಡದ್ದನ್ನೇ ಹೇಳಿದ್ದರು, ಯಾರೂ ಸುಳ್ಳಾಡಿರಲಿಲ್ಲ. 1933ರಲ್ಲಿ ಪ್ರಕಟವಾದ ಈ ಶೋಧವೇ ಪೆರಾಕ್ಸೈಡ್ ಪರಿಣಾಮ ಅಥವಾ ಖರಾಷ್ ಪರಿಣಾಮ.

ಒಂಟಿ ಎಲೆಕ್ಟ್ರಾನಿನ ಸರಪಳಿ

ಕಾರಣ ತಿಳಿಯಿತು. ಆದರೆ ಪೆರಾಕ್ಸೈಡ್ ಒಳಗೆ ಏನು ಮಾಡುತ್ತದೆ ಎಂಬುದು ತಿಳಿಯಲು ಇನ್ನೂ ನಾಲ್ಕು ವರ್ಷ ಬೇಕಾಯಿತು. ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನ್ ಹೊತ್ತ ಅಣುತುಣುಕುಗಳಿಗೆ ಸ್ವತಂತ್ರ ರ‍್ಯಾಡಿಕಲ್‌ಗಳೆಂದು ಹೆಸರು. 1900ರಲ್ಲಿ ಮೋಸೆಸ್ ಗೊಂಬರ್ಗ್ ಅಂಥದೊಂದನ್ನು ತೋರಿಸಿದ್ದರೂ, ಪ್ರಯೋಗಶಾಲೆಯ ನಿತ್ಯದ ದ್ರವಗಳಲ್ಲಿ ಅವುಗಳಿಗೆ ಪಾತ್ರವಿದೆಯೆಂದು ಹೆಚ್ಚಿನ ರಸಾಯನಜ್ಞರು ಎಣಿಸಿರಲಿಲ್ಲ. 1937ರಲ್ಲಿ ಖರಾಷ್ ಮತ್ತು ಅವರ ಸಹೋದ್ಯೋಗಿಗಳು, ಅದೇ ವರ್ಷ ಇಂಗ್ಲೆಂಡಿನಲ್ಲಿ ಹೇ ಮತ್ತು ವಾಟರ್ಸ್ ಅವರು, ಈ ಕ್ರಿಯೆಯನ್ನು ರ‍್ಯಾಡಿಕಲ್ ಸರಪಳಿಯೆಂದು ವಿವರಿಸಿದರು.

ಪೆರಾಕ್ಸೈಡ್ ಒಡೆದು ಹುಟ್ಟಿದ ತುಣುಕು ಹೈಡ್ರೋಜನ್ ಬ್ರೋಮೈಡಿನಿಂದ ಹೈಡ್ರೋಜನ್ ಕಿತ್ತುಕೊಂಡು ಒಂಟಿ ಬ್ರೋಮಿನ್ ಪರಮಾಣುವನ್ನು ಬಿಡುಗಡೆ ಮಾಡುತ್ತದೆ. ಆ ಬ್ರೋಮಿನ್ ದ್ವಿಬಂಧದ ತುದಿಯ ಕಾರ್ಬನ್ನನ್ನು ಹಿಡಿಯುತ್ತದೆ, ಏಕೆಂದರೆ ಆಗ ಒಳಗಿನ ಕಾರ್ಬನ್ನಿನ ಮೇಲೆ ಉಳಿಯುವ ರ‍್ಯಾಡಿಕಲ್ ಹೆಚ್ಚು ಸ್ಥಿರ. ಅದು ಮತ್ತೊಂದು ಹೈಡ್ರೋಜನ್ ಬ್ರೋಮೈಡಿನಿಂದ ಹೈಡ್ರೋಜನ್ ಪಡೆಯುತ್ತದೆ, ಹೊಸ ಬ್ರೋಮಿನ್ ಹೊರಬೀಳುತ್ತದೆ, ಸರಪಳಿ ಮುಂದುವರಿಯುತ್ತದೆ. ಸಾಮಾನ್ಯ ಕ್ರಿಯೆಯಲ್ಲಿ ಮೊದಲು ಸೇರುವುದು ಹೈಡ್ರೋಜನ್. ಇಲ್ಲಿ ಮೊದಲು ಸೇರುವುದು ಬ್ರೋಮಿನ್. ಫಲ ತಲೆಕೆಳಗಾಗಲು ಇಷ್ಟೇ ಸಾಕು. ಹೈಡ್ರೋಜನ್ ಕ್ಲೋರೈಡಿನ ಬಂಧ ಬಲು ಗಟ್ಟಿ, ಒಡೆಯುವುದಿಲ್ಲ. ಅಯೋಡೈಡಿನಲ್ಲಿ ಬಂಧ ಒಡೆದರೂ ಅಯೋಡಿನ್ ಪರಮಾಣುಗಳು ತಮ್ಮತಮ್ಮಲ್ಲೇ ಕೂಡಿಬಿಡುತ್ತವೆ. ಆದ್ದರಿಂದ ಈ ಭಾಗ್ಯ ಬ್ರೋಮೈಡಿಗೆ ಮಾತ್ರ.

ಬೆಳಕೇ ಕಿಡಿ

ಸರಪಳಿಯನ್ನು ಆರಂಭಿಸಲು ಪೆರಾಕ್ಸೈಡೇ ಬೇಕೆಂದಿಲ್ಲ, ಬೆಳಕಾದರೂ ಆದೀತು. 400 ನ್ಯಾನೊಮೀಟರ್ ತರಂಗಾಂತರದ ನೇರಳೆ ಬೆಳಕಿನಲ್ಲಿ ಪ್ರತಿ ಮೋಲ್‌ಗೆ ಸುಮಾರು 300 ಕಿಲೋಜೂಲ್ ಶಕ್ತಿಯಿದೆ. ಬೆಳಕನ್ನು ಹೀರಿಕೊಳ್ಳುವ ಅಣುವಿನಲ್ಲಿ ದುರ್ಬಲವಾದ ಹ್ಯಾಲೊಜನ್ ಬಂಧವೊಂದಿದ್ದರೆ ಅದು ಬಿಚ್ಚಿಕೊಳ್ಳಲು ಈ ಶಕ್ತಿ ಸಾಲುತ್ತದೆ.

1945ರಲ್ಲಿ ಖರಾಷ್ ತಂಡ ಕಾರ್ಬನ್ ಟೆಟ್ರಾಕ್ಲೋರೈಡ್ ಮತ್ತು ಕ್ಲೋರೊಫಾರ್ಮ್‌ಗಳನ್ನು ದ್ವಿಬಂಧಕ್ಕೆ ಸೇರಿಸಿ ತೋರಿಸಿತು. 1947ರಲ್ಲಿ ಬ್ರೋಮೊಟ್ರೈಕ್ಲೋರೊಮೀಥೇನ್ ಸರದಿ. ಬೆಳಕು ಬಿದ್ದೊಡನೆ ಅದರ ಕಾರ್ಬನ್–ಬ್ರೋಮಿನ್ ಬಂಧ ಒಡೆಯುತ್ತದೆ. ಟ್ರೈಕ್ಲೋರೊಮೀಥೈಲ್ ತುಣುಕು ದ್ವಿಬಂಧದ ಒಂದು ತುದಿಯನ್ನು ಹಿಡಿಯುತ್ತದೆ. ಇನ್ನೊಂದು ತುದಿ ಬೇರೊಂದು ಅಣುವಿನಿಂದ ಬ್ರೋಮಿನ್ ಪಡೆಯುತ್ತದೆ. ಒಂದೇ ಹೆಜ್ಜೆಯಲ್ಲಿ ಹೊಸದೊಂದು ಕಾರ್ಬನ್–ಕಾರ್ಬನ್ ಬಂಧವೂ ಮುಂದಿನ ಕೆಲಸಕ್ಕೆ ಒದಗುವ ಬ್ರೋಮಿನ್ನೂ ದೊರೆಯುತ್ತವೆ. ಅಣುಗಳನ್ನು ಕಟ್ಟುವವರಿಗೆ ಇದಕ್ಕಿಂತ ಮಿತವ್ಯಯದ ಮಾರ್ಗ ಅಪರೂಪ. ಇಂದಿಗೂ ಈ ಕ್ರಿಯೆಗೆ ಖರಾಷ್ ಸಂಕಲನ ಎಂಬುದೇ ಹೆಸರು.

ಅವರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದ ಹರ್ಬರ್ಟ್ ಬ್ರೌನ್ ಅವರೂ ಇಂಥ ಕ್ರಿಯೆಗಳಲ್ಲಿಯೇ ಪಳಗಿದರು. ಸಲ್ಫ್ಯೂರಿಲ್ ಕ್ಲೋರೈಡಿನಿಂದ ಕ್ಲೋರಿನ್ ಸೇರಿಸುವ ವಿಧಾನವನ್ನು ಇಬ್ಬರೂ 1939ರಲ್ಲಿ ಪ್ರಕಟಿಸಿದರು. ಮುಂದೆ ಬ್ರೌನ್ ಅವರು ಬೋರಾನ್ ಸಂಯುಕ್ತಗಳ ಅಧ್ಯಯನಕ್ಕಾಗಿ 1979ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಅವರ ಹೈಡ್ರೊಬೋರೇಶನ್ ವಿಧಾನವೂ ಮಾರ್ಕೊವ್ನಿಕೊವ್ ನಿಯಮಕ್ಕೆ ವಿರುದ್ಧವಾದ ಫಲವನ್ನೇ ಕೊಡುತ್ತದೆ ಎಂಬುದು ಗಮನಾರ್ಹ.

ಹಲವು ಹೊಲಗಳ ಉಳುಮೆ

ಖರಾಷ್ ಒಂದೇ ವಿಷಯಕ್ಕೆ ಕಟ್ಟುಬಿದ್ದವರಲ್ಲ. ರೈ ಧಾನ್ಯದ ತೆನೆಗೆ ತಗಲುವ ಎರ್ಗಟ್ ಶಿಲೀಂಧ್ರದಿಂದ, ಹೆರಿಗೆಯ ಅನಂತರದ ರಕ್ತಸ್ರಾವವನ್ನು ತಡೆಯುವ ಸತ್ವವನ್ನು 1935ರಲ್ಲಿ ಪ್ರತ್ಯೇಕಿಸಿದವರಲ್ಲಿ ಅವರ ತಂಡವೂ ಸೇರಿದೆ. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿಯೂ ಈ ಸತ್ವ ದೊರೆತಿತ್ತು. 1936ರಲ್ಲಿ ಆರಂಭವಾದ ಜರ್ನಲ್ ಆಫ್ ಆರ್ಗ್ಯಾನಿಕ್ ಕೆಮಿಸ್ಟ್ರಿ ಪತ್ರಿಕೆಯ ಸ್ಥಾಪಕರಲ್ಲಿ ಅವರೊಬ್ಬರು. ಎರಡನೆಯ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದ ರಬ್ಬರ್ ತೋಟಗಳು ಜಪಾನಿನ ವಶವಾದಾಗ, ಕೃತಕ ರಬ್ಬರ್ ತಯಾರಿಸುವ ಅಮೆರಿಕದ ಯೋಜನೆಗೆ ಅವರ ರ‍್ಯಾಡಿಕಲ್ ಜ್ಞಾನ ನೆರವಾಯಿತು. ಆಟೊ ರೈನ್‌ಮುತ್ ಅವರೊಡನೆ ಗ್ರಿನ್ಯಾರ್ ಕ್ರಿಯೆಗಳ ಕುರಿತು ಬರೆದ ಬೃಹತ್ ಗ್ರಂಥ 1954ರಲ್ಲಿ ಹೊರಬಂದಿತು.

1957ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ, 62ನೆಯ ವಯಸ್ಸಿನಲ್ಲಿ, ಖರಾಷ್ ಕೊನೆಯುಸಿರೆಳೆದರು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಅವರಿಗೆ ದೊರೆತಿತ್ತು; ನೊಬೆಲ್ ಮಾತ್ರ ದೊರೆಯಲಿಲ್ಲ.

ಆದರೆ ಅವರು ಹೊತ್ತಿಸಿದ ದೀಪ ಆರಲಿಲ್ಲ. 1995ರಲ್ಲಿ ಜಪಾನಿನ ಸವಾಮೊಟೊ ಮತ್ತು ಅಮೆರಿಕದ ಮತಿಯಾಶೆವ್ಸ್ಕಿ ಅವರ ತಂಡಗಳು ಖರಾಷ್ ಸಂಕಲನದ ತತ್ವವನ್ನೇ ಬೆಳೆಸಿ, ಪಾಲಿಮರುಗಳ ಉದ್ದವನ್ನು ಹಿಡಿತದಲ್ಲಿಟ್ಟು ಬೆಳೆಸುವ ವಿಧಾನವನ್ನು ರೂಪಿಸಿದವು. 2008ರಲ್ಲಿ ಪ್ರಿನ್ಸ್‌ಟನ್ನಿನ ಡೇವಿಡ್ ಮೆಕ್‌ಮಿಲನ್ ಮತ್ತು ಡೇವಿಡ್ ನೈಸ್‌ವಿಚ್ ಅವರು ರುಥೇನಿಯಂ ವೇಗವರ್ಧಕದ ನೆರವಿನಿಂದ ಮನೆಯ ಸಾಧಾರಣ ಫ್ಲೂರೊಸೆಂಟ್ ದೀಪದ ಬೆಳಕಿನಲ್ಲೇ ಸಾವಯವ ಬ್ರೋಮೈಡುಗಳಿಂದ ರ‍್ಯಾಡಿಕಲ್‌ಗಳನ್ನು ಹೊರಡಿಸಿದರು. 2011ರಲ್ಲಿ ಕೋರಿ ಸ್ಟೀಫನ್‌ಸನ್ ತಂಡ ಖರಾಷ್ ಸಂಕಲನವನ್ನೇ ಕಣ್ಣಿಗೆ ಕಾಣುವ ಬೆಳಕಿನಲ್ಲಿ ನಡೆಸಿತು.

ಒಂದೇ ಪ್ರಶ್ನೆಗೆ ಎರಡು ಉತ್ತರ ಬಂದಾಗ ಒಂದನ್ನು ಹೊಡೆದುಹಾಕುವುದು ಸುಲಭ. ಎರಡೂ ಏಕೆ ಬಂದವು ಎಂದು ಕೇಳುವುದು ಕಷ್ಟ. ಖರಾಷ್ ಮತ್ತು ಮೇಯೊ ಆ ಕಷ್ಟದ ದಾರಿಯನ್ನು ಹಿಡಿದರು. ನಮ್ಮ ವಿದ್ಯಾರ್ಥಿಗಳು ಖರಾಷ್ ಪರಿಣಾಮವನ್ನು ಬರೆಯುವಾಗ ಕಪಾಟಿನ ಆ ಹಳೆಯ ಸೀಸೆಯನ್ನೂ ಒಮ್ಮೆ ನೆನೆದರೆ, ರಸಾಯನಶಾಸ್ತ್ರ ಕೇವಲ ಬಾಯಿಪಾಠದ ವಿಷಯವಲ್ಲವೆಂಬುದು ಮನದಟ್ಟಾದೀತು.