ಹಳೇ ಫಿಯೆಟ್ ಹಿಂದೆ ಒಬ್ಬ ವಿಶ್ವೇಶ್ವರಯ್ಯ

ಹಳೆಯ ಕಾರುಗಳೆಲ್ಲ ಕ್ಲಾಸಿಕ್ ಆಗುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಕಾಯುವವರು. ಕಾದ ಕಾಯಿಯೆಲ್ಲ ಉಂಡೆ ಕೊಬ್ಬರಿ ಆಗುತ್ತದೆಯೇ? ಮಳೆ ಸೋರುವ ಕಡೆ, ಗಾಳಿಯಾಡದ ಮೂಲೆಯಲ್ಲಿ ಬಿದ್ದದ್ದು ಕೊಳೆಯುತ್ತದೆ, ಇಲ್ಲವೇ ಕೌಟು ಹಿಡಿಯುತ್ತದೆ. ಎರಡೂ ಕಾದದ್ದು ಅಷ್ಟೇ ದಿನ. ವ್ಯತ್ಯಾಸ ಇರುವುದು ನೋಡಿಕೊಂಡದ್ದರಲ್ಲಿ. ಶೆಡ್ಡಿನಲ್ಲಿ ನಿಂತ ಹಳೇ ಕಾರು ಗುಜರಿಗೆ ಹೋಗುತ್ತದೋ, ಕ್ಲಾಸಿಕ್ ಅನ್ನಿಸಿಕೊಳ್ಳುತ್ತದೋ ಎಂಬುದೂ ಹೀಗೆಯೇ ತೀರ್ಮಾನವಾಗುತ್ತದೆ.

ಸರ್ಕಾರಕ್ಕೆ ಅದರದೇ ಲೆಕ್ಕ ಇದೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿರುವ, ಮೂಲರೂಪ ಕೆಡಿಸದೆ ಉಳಿಸಿಕೊಂಡಿರುವ ವಾಹನ ‘ವಿಂಟೇಜ್’. ಅದಕ್ಕೆ ‘ವಿಎ’ ಅಕ್ಷರಗಳಿರುವ ಬೇರೆಯೇ ನಂಬರ್ ಪ್ಲೇಟ್ ಸಿಗುತ್ತದೆ. ಆದರೆ ಕ್ಲಾಸಿಕ್ ಎಂಬುದು ಜನ ಕೊಡುವ ಪದವಿ. ನಮ್ಮ ಕಡೆ ಆ ಪದವಿ ಪಡೆದ ಕಾರೆಂದರೆ ಫಿಯೆಟ್, ಅಂದರೆ ಪ್ರೀಮಿಯರ್ ಪದ್ಮಿನಿ. 1089 ಸಿಸಿಯ ಪುಟ್ಟ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ನಾನು ಈ ಕಾರಿನ ಹಿಂದಿನ ಕಥೆ ಓದುತ್ತಾ ಹೋದೆ. ಅಲ್ಲಿ ಸಿಕ್ಕವರು ಸರ್ ಎಂ. ವಿಶ್ವೇಶ್ವರಯ್ಯ. ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯ ಎಲ್ಲರಿಗೂ ಗೊತ್ತು. ಕಾರಿನ ಕನಸು ಕಂಡ ವಿಶ್ವೇಶ್ವರಯ್ಯ ಅಷ್ಟು ಗೊತ್ತಿಲ್ಲ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಡುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಗೆ ಹೋಗಿ ಎಂಜಿನಿಯರ್ ಆದರು. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಪುಣೆ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟೆಗೆ ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳು ಹೆಸರು ತಂದುಕೊಟ್ಟವು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ್. ಆರು ವರ್ಷಗಳ ಆ ಅವಧಿಯಲ್ಲಿ ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಒಂದಾದ ಮೇಲೊಂದು ಹುಟ್ಟಿಕೊಂಡವು. ದಿವಾನಗಿರಿಗೆ ರಾಜೀನಾಮೆ ಕೊಡಲು ಅರಮನೆಗೆ ಸರ್ಕಾರಿ ಕಾರಿನಲ್ಲಿ ಹೋದವರು, ಕೊಟ್ಟ ಮೇಲೆ ಸ್ವಂತ ಕಾರಿನಲ್ಲಿ ಮರಳಿದರು ಎಂಬ ಕಥೆಯನ್ನು ಹಿರಿಯರು ಇಂದಿಗೂ ಹೇಳುತ್ತಾರೆ.

ಬೇರೆಯವರಾಗಿದ್ದರೆ ಅಲ್ಲಿಗೆ ವಿಶ್ರಾಂತಿ. ಇವರು ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣ ಕಾರ್ಖಾನೆಯ ಹೊಣೆ ಹೊತ್ತರು. ಆಮೇಲೆ ಕೈಹಾಕಿದ್ದು ಕಾರಿಗೆ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪು ಮತ್ತು ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ಆಗ ನಮ್ಮ ದೇಶದಲ್ಲಿ ಓಡುತ್ತಿದ್ದ ಕಾರುಗಳು ಹೊರಗಿನಿಂದ ಬಂದವು, ಇಲ್ಲವೇ ಹೊರಗಿನ ಬಿಡಿಭಾಗ ತಂದು ಇಲ್ಲಿ ಜೋಡಿಸಿದವು. ಭಾಗಗಳೂ ಇಲ್ಲೇ ತಯಾರಾಗಬೇಕು, ಆ ಕೆಲಸ ನಮ್ಮ ಹುಡುಗರ ಕೈಗೆ ಸಿಗಬೇಕು ಎಂಬುದು ಅವರ ಯೋಜನೆಯ ತಿರುಳು.

ಈ ಯೋಜನೆಗೆ ಜೊತೆಯಾದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಮೊದಲು ಮುಂಬೈಯಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಕಾರ್ಖಾನೆ ಶುರುಮಾಡುವ ಯತ್ನ ನಡೆಯಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ನೆರವು ನೀಡಲು ಮುಂದೆ ಬಂತು. ಆದರೆ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ಭಾರತ ಸರ್ಕಾರ ಬೆಂಬಲ ಕೊಡಲಿಲ್ಲ. ವಿಚಿತ್ರವೆಂದರೆ ಅದೇ ವಾಲ್‌ಚಂದ್ 1940ರ ಕೊನೆಯಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುಮಾಡಿದರು. ಯುದ್ಧಕ್ಕೆ ವಿಮಾನ ಬೇಕಿತ್ತು, ಅದಕ್ಕೆ ಅನುಮತಿ ಸಿಕ್ಕಿತು. ಇಂದಿನ ಎಚ್‌ಎಎಲ್ ಬೆಳೆದದ್ದು ಅದರಿಂದಲೇ. ಕಾರು ಮಾತ್ರ ಮೈಸೂರಿನ ಕೈತಪ್ಪಿತು.

1944ರಲ್ಲಿ ವಾಲ್‌ಚಂದ್ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಇಟಲಿಯ ಫಿಯೆಟ್ ಜೊತೆ ಒಪ್ಪಂದವಾಗಿ ನಮ್ಮ ಅಜ್ಜಂದಿರು ಕಂಡ ಫಿಯೆಟ್ ಕಾರುಗಳು ಅಲ್ಲಿಂದ ಬಂದವು. 1970ರ ದಶಕದಲ್ಲಿ ಆ ಕಾರಿನ ಹೆಸರು ಪದ್ಮಿನಿ ಎಂದಾಯಿತು. ಮುಂಬೈಯಲ್ಲಿ ಹಳದಿ-ಕಪ್ಪು ಟ್ಯಾಕ್ಸಿಯಾಗಿ 2023ರ ಅಕ್ಟೋಬರ್‌ವರೆಗೂ ಓಡಿತು. ವಿಶ್ವೇಶ್ವರಯ್ಯ ಆ ಕಂಪನಿಯ ಮಾಲೀಕರಲ್ಲ, ಆ ಕಾರನ್ನು ಅವರು ವಿನ್ಯಾಸ ಮಾಡಲೂ ಇಲ್ಲ. ಆದರೆ ಇಲ್ಲೇ ಕಾರು ಮಾಡಬಹುದು ಎಂದು ಲೆಕ್ಕಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರಲ್ಲಿ ಅವರು ಮೊದಲಿಗರು.

ಹಾಗಾದರೆ ಪದ್ಮಿನಿ ಕ್ಲಾಸಿಕ್ ಆದದ್ದು ಹೇಗೆ? ವೇಗದಿಂದಲ್ಲ, ಬೆಲೆಯಿಂದಲೂ ಅಲ್ಲ. ಬಾನೆಟ್ ಎತ್ತಿದರೆ ಒಳಗಿರುವುದೆಲ್ಲ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ. ಕಾರ್ಬೊರೇಟರ್ ಬಿಚ್ಚಿ ತೊಳೆದು ಮತ್ತೆ ಕೂರಿಸಬಹುದು. ಅದಕ್ಕೆ ಕಂಪ್ಯೂಟರ್ ಬೇಡ, ಕೆಲಸ ಬಲ್ಲ ಮೇಸ್ತ್ರಿ ಬೇಕು. ನಮ್ಮೂರಿನ ಕೊಬ್ಬರಿ ಮಂಡಿಯವರೊಬ್ಬರ ಮನೆಯ ಫಿಯೆಟ್ ಇನ್ನೂ ಸ್ಟಾರ್ಟ್ ಆಗುತ್ತದೆ. ಅದನ್ನು ನೋಡಿಕೊಳ್ಳುವ ಮೇಸ್ತ್ರಿಗೆ ಈಗ ವಯಸ್ಸಾಗಿದೆ. ಅವರ ಬಳಿ ಕಲಿಯಲು ಹುಡುಗರು ಬರುತ್ತಿಲ್ಲ. ಗ್ಯಾರೇಜು ಎಂದರೆ ಕೈಗೆ ಮಸಿ ಮೆತ್ತುವ ಕೆಲಸ ಎಂದು ಡಿಪ್ಲೊಮಾ, ಐಟಿಐ ಮಾಡಿದ ನಾವೇ ಮೂಗು ಮುರಿಯುತ್ತೇವೆ. ಆ ಮೇಸ್ತ್ರಿಯ ಕೈಯಲ್ಲಿರುವ ವಿದ್ಯೆ ಅವರೊಂದಿಗೇ ಹೋದರೆ, ಮರುದಿನದಿಂದ ಆ ಕಾರು ಗುಜರಿಯೇ.

ವಿಶ್ವೇಶ್ವರಯ್ಯ ಇಂಥ ಕೈಕೆಲಸವನ್ನು ಕೀಳೆಂದು ಕಂಡವರಲ್ಲ. ಭದ್ರಾವತಿಯ ಸೇವೆಗೆ ತಮಗೆ ಸಲ್ಲಬೇಕಿದ್ದ ಹಣವನ್ನು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಸಂಸ್ಥೆಗೆ ತಮ್ಮ ಹೆಸರಿಡದೆ ಮಹಾರಾಜ ಜಯಚಾಮರಾಜೇಂದ್ರರ ಹೆಸರಿಟ್ಟರು. ನಾವಿಂದು ಎಸ್‌.ಜೆ. ಪಾಲಿಟೆಕ್ನಿಕ್ ಎನ್ನುವುದು ಅದನ್ನೇ. ಕಾರು ಕೈತಪ್ಪಿದ ಮೇಲೂ ಕಾರು ಮಾಡಬಲ್ಲ ಕೈಗಳನ್ನು ತಯಾರು ಮಾಡುವುದನ್ನು ಅವರು ಬಿಡಲಿಲ್ಲ.

1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ಅವರು ತೀರಿಕೊಂಡರು. ಮಿತವಾದ ಊಟ, ದಿನನಿತ್ಯದ ನಡಿಗೆ, ಇಸ್ತ್ರಿ ಮಾಡಿದ ಬಟ್ಟೆ, ಗಡಿಯಾರ ನೋಡಿ ಮಾಡುವ ಕೆಲಸ. ದೇಹವನ್ನೂ ಒಂದು ಯಂತ್ರದಂತೆ ಕಾಪಾಡಿಕೊಂಡವರು ಅವರು.

ಗೆಳೆಯರೇ, ಬೆಂಗಳೂರಿನ ಕಂಪನಿಗಳಿಗೆ ನಾನೂ ಅರ್ಜಿ ಹಾಕುತ್ತಿದ್ದೇನೆ, ಹಾಕುವುದನ್ನು ಬಿಡುವುದಿಲ್ಲ. ಕರೆ ಬರುವವರೆಗೆ ಬೆಳಿಗ್ಗೆ ಹೊತ್ತು ಆ ಮೇಸ್ತ್ರಿಯ ಗ್ಯಾರೇಜಿಗೆ ಹೋಗುವುದೆಂದು ನಿರ್ಧರಿಸಿದ್ದೇನೆ. ಮೊದಲ ಪಾಠ ಕಾರ್ಬೊರೇಟರ್ ಬಿಚ್ಚುವುದು.