ಕೊಳ್ಳಿ ಒಯ್ಯುವ ಹದ್ದನ್ನು ಕಂಡವನು

ಬೆಂಕಿಯನ್ನು ಬಳಸಬಲ್ಲ ಪ್ರಾಣಿ ಮನುಷ್ಯನೊಬ್ಬನೇ ಎಂದು ನಾವೆಲ್ಲರೂ ಬಾಲ್ಯದಿಂದ ಓದುತ್ತ ಬಂದಿದ್ದೇವೆ. ಈ ಮಾತು ಪೂರ್ತಿ ನಿಜವಲ್ಲವೆಂದು ಕಣ್ಣಾರೆ ಕಂಡು ತಿಳಿಸಿದವರಲ್ಲಿ ಆಸ್ಟ್ರೇಲಿಯದ ಆದಿವಾಸಿ ವಾಯ್ಪುಲ್ದಾನ್ಯ ಒಬ್ಬನು. ಬಿಳಿಯರು ಆತನನ್ನು ಫಿಲಿಪ್ ರಾಬರ್ಟ್ಸ್ ಎಂದು ಕರೆದರು.

ಆತ 1920ರ ದಶಕದಲ್ಲಿ ಆ ಖಂಡದ ಉತ್ತರ ಪ್ರಾಂತದಲ್ಲಿ, ರೋಪರ್ ನದಿಯ ಸೀಮೆಯ ಅಲಾವ ಬುಡಕಟ್ಟಿನಲ್ಲಿ ಜನಿಸಿದನು. ಹೆಜ್ಜೆಗುರುತು ಹಿಡಿದು ಬೇಟೆ ಹುಡುಕುವ ವಿದ್ಯೆಯನ್ನು ಹಿರಿಯರಿಂದ ಕಲಿತನು. ಮುಂದೆ ವೈದ್ಯರೊಬ್ಬರ ವಾಹನ ಚಾಲಕನಾಗಿ, ಅವರ ಸಹಾಯಕನಾಗಿ, ಸೂಕ್ಷ್ಮದರ್ಶಕವನ್ನೂ ಬಳಸಬಲ್ಲವನಾದನು. ಕಾಡಿನ ಕಣ್ಣು, ವಿಜ್ಞಾನದ ಕಣ್ಣು ಎರಡೂ ಆತನಿಗಿದ್ದವು. ಆದರೂ 1953ರ ಕಾಯಿದೆಯೊಂದು ಅಲ್ಲಿನ ಬಹುಪಾಲು ಆದಿವಾಸಿಗಳನ್ನು ಸರ್ಕಾರದ ಪೋಷಣೆಯಲ್ಲಿರುವ ಎಳೆಯರಂತೆ ಎಣಿಸಿತ್ತು. ಅದು ರದ್ದಾದದ್ದು 1964ರಲ್ಲಿ. ಆ ದಶಕದಲ್ಲಿ ವಾಯ್ಪುಲ್ದಾನ್ಯ ಉತ್ತರ ಪ್ರಾಂತದ ಆದಿವಾಸಿ ಹಕ್ಕುಗಳ ಮಂಡಳಿಯ ಅಧ್ಯಕ್ಷನಾಗಿ ತನ್ನ ಜನರಿಗಾಗಿ ದುಡಿದನು.

ಪತ್ರಕರ್ತ ಡಗ್ಲಾಸ್ ಲಾಕ್‌ವುಡ್ ಆತನ ಬಾಯಿಂದ ಕೇಳಿ ಬರೆದ ಜೀವನಕಥೆ 1962ರಲ್ಲಿ ಪ್ರಕಟವಾಯಿತು. ಅದರಲ್ಲಿ ಹದ್ದಿನ ಸಂಗತಿ ಬರುತ್ತದೆ. ಹುಲ್ಲುಗಾವಲಿಗೆ ಬೆಂಕಿ ಬಿದ್ದಾಗ ಹದ್ದೊಂದು ಹೊಗೆಯಾಡುವ ಕೊಳ್ಳಿಯನ್ನು ಉಗುರಿನಲ್ಲಿ ಹಿಡಿದು ಅರ್ಧ ಮೈಲಿ ದೂರದ ಒಣ ಹುಲ್ಲಿನ ಮೇಲೆ ಬೀಳಿಸಿದ್ದನ್ನು ಆತ ಕಂಡಿದ್ದನು. ಹುಲ್ಲು ಹೊತ್ತಿಕೊಂಡೊಡನೆ ಇಲಿ, ಹಲ್ಲಿಗಳು ಹೊರಗೋಡಿಬರುತ್ತವೆ. ಕಾದು ಕುಳಿತ ಹದ್ದುಗಳಿಗೆ ಊಟವಾಗುತ್ತದೆ. ಆ ಸೀಮೆಯ ಜನರಿಗೆ ಇದು ಹೊಸದಲ್ಲ. ಅಲ್ಲಿನ ಕೆಲವು ಬುಡಕಟ್ಟುಗಳ ವಿಧಿಗಳಲ್ಲಿ ಕೊಳ್ಳಿ ಒಯ್ಯುವ ಹಕ್ಕಿಯ ಅಭಿನಯವೇ ಇದೆ. ಆದರೆ ಪಂಡಿತರಲ್ಲಿ ಹಲವರು ಇದನ್ನು ಕಟ್ಟುಕಥೆಯೆಂದೋ, ಹಕ್ಕಿಯ ಕಾಲಿಗೆ ಆಕಸ್ಮಿಕವಾಗಿ ಸಿಕ್ಕ ಕಡ್ಡಿಯೆಂದೋ ಬದಿಗಿಟ್ಟರು.

2017ರಲ್ಲಿ ಮಾರ್ಕ್ ಬಾಂಟಾ, ರಾಬರ್ಟ್ ಗಾಸ್‌ಫರ್ಡ್ ಮೊದಲಾದವರು ಆದಿವಾಸಿಗಳ ಮತ್ತು ಬೆಂಕಿ ನಂದಿಸುವವರ ಪ್ರತ್ಯಕ್ಷ ಅನುಭವಗಳನ್ನು ಕಲೆಹಾಕಿ ವಿದ್ವತ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಕರಿಹದ್ದು, ಸಿಳ್ಳೆಹದ್ದು, ಕಂದು ಡೇಗೆ ಎಂಬ ಮೂರು ಜಾತಿಗಳು ಹಳ್ಳವನ್ನೋ ರಸ್ತೆಯನ್ನೋ ದಾಟಿಸಿ ಬೆಂಕಿಯನ್ನು ಬೇಕೆಂದೇ ಹರಡುತ್ತವೆಂದು ಅವರು ವಾದಿಸಿದರು. ವಾಯ್ಪುಲ್ದಾನ್ಯನ ಸಾಕ್ಷ್ಯಕ್ಕೂ ಅಲ್ಲಿ ಸ್ಥಾನ ದೊರೆಯಿತು. ಅದನ್ನು ನೋಡಲು ಆತ ಉಳಿದಿರಲಿಲ್ಲ. ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ನಮ್ಮ ಊರುಗಳ ಮೇಲೆ ಸುತ್ತುವ ಹದ್ದೂ ಆ ಕರಿಹದ್ದಿನ ಜಾತಿಯದೇ. ನಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ರಜೆಯಲ್ಲಿ ಊರಿಗೆ ಹೋದಾಗ ಅಕ್ಷರವರಿಯದ ಹಿರಿಯರು ಹಕ್ಕಿಯ ಮಾತನ್ನೋ ಮಳೆಯ ಮಾತನ್ನೋ ಆಡಿದರೆ ನಕ್ಕುಬಿಡುವುದು ನಮಗೆ ಸುಲಭ. ನಾನೂ ನಕ್ಕವನೇ. ಪುಸ್ತಕದಲ್ಲಿಲ್ಲ ಎಂಬ ಮಾತ್ರಕ್ಕೆ ಒಂದು ಸಂಗತಿ ಸುಳ್ಳಾಗದು. ನೋಡಿದವನನ್ನು ಪುಸ್ತಕ ಬರೆಯುವವರು ಇನ್ನೂ ಕೇಳಿಲ್ಲದಿರಬಹುದು. ಈ ಪಾಠವನ್ನು ವಾಯ್ಪುಲ್ದಾನ್ಯನ ಜೀವನ ನನಗೆ ಕಲಿಸಿದೆ.