ಜಿಂಕೆ ಬೇಟೆಗಾಗಿ ವಾದಿಸಿದ ವನಪ್ರೇಮಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿ ಬೆಳೆದ ನಮ್ಮಂಥವರಿಗೆ ಬೇಟೆ ಎಂದರೆ ಅಪರಾಧ. ಬಂದೂಕು ಹಿಡಿದವನೇ ಕಾಡಿನ ಪರವಾಗಿ ನಿಲ್ಲಬಲ್ಲನೆಂಬುದು ಸುಲಭಕ್ಕೆ ಮನಸ್ಸಿಗಿಳಿಯುವ ಮಾತಲ್ಲ. ಆಲ್ಡೊ ಲಿಯೊಪೋಲ್ಡ್‌ನ ಬದುಕನ್ನು ಓದುವಾಗ ನನ್ನನ್ನು ಕಾಡುವುದು ಇದೇ ಇರಿಸುಮುರಿಸು.

1887ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಹುಟ್ಟಿದ ಆತ ಯೇಲ್‌ನಲ್ಲಿ ಅರಣ್ಯಶಾಸ್ತ್ರ ಕಲಿತು, 1909ರಲ್ಲಿ ಅರಿಜೋನಾದ ಕಾಡುಗಳಿಗೆ ಸರ್ಕಾರಿ ನೌಕರನಾಗಿ ಹೋದ. ತೋಳಗಳು ಕಡಿಮೆಯಾದರೆ ಜಿಂಕೆಗಳು ಹೆಚ್ಚುತ್ತವೆ, ಬೇಟೆಗಾರರು ಸುಖವಾಗಿರುತ್ತಾರೆ ಎಂಬುದು ಅಂದಿನ ಲೆಕ್ಕಾಚಾರ. ತರುಣ ಲಿಯೊಪೋಲ್ಡ್ ತೋಳಗಳನ್ನು ಕೊಂದ. ಅವುಗಳ ನಿರ್ಮೂಲನವಾಗಬೇಕೆಂದು ಬರೆದ ಕೂಡ. 1920ರ ದಶಕದಲ್ಲಿ ಅಲ್ಲಿಯ ಕೈಬಾಬ್ ಪ್ರಸ್ಥಭೂಮಿಯಲ್ಲಿ ಮಿತಿಮೀರಿ ಹೆಚ್ಚಿದ ಜಿಂಕೆಗಳು ಚಿಗುರೆಲ್ಲ ಮೇಯ್ದು ಹಸಿದು ಸತ್ತವು. (ಅಲ್ಲಿಯ ಅಂಕಿಗಳ ಬಗ್ಗೆ ವಿಜ್ಞಾನಿಗಳು ಅನಂತರ ತಕರಾರು ತೆಗೆದಿದ್ದಾರೆ, ಹಸಿವು ಮಾತ್ರ ಸುಳ್ಳಲ್ಲ.) ಆತನ ನಂಬಿಕೆ ನಿಧಾನವಾಗಿ ಸಡಿಲವಾಯಿತು.

1933ರಲ್ಲಿ ವನ್ಯಪ್ರಾಣಿ ನಿರ್ವಹಣೆಯ ಬಗ್ಗೆ ಗ್ರಂಥ ಬರೆದ ಲಿಯೊಪೋಲ್ಡ್, ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆ ವಿಷಯದ ಪ್ರಾಧ್ಯಾಪಕನಾದ. 1935ರಲ್ಲಿ ಸಾಕ್ ಕೌಂಟಿಯಲ್ಲಿ, ವಿಸ್ಕಾನ್ಸಿನ್ ನದಿಯ ಪಕ್ಕ, ಸತ್ವ ಕಳೆದುಕೊಂಡ ಮರಳು ಜಮೀನೊಂದನ್ನು ಕೊಂಡ. ಕೋಳಿಗೂಡನ್ನೇ ಮನೆ ಮಾಡಿಕೊಂಡು, ಹೆಂಡತಿ ಮಕ್ಕಳೊಡನೆ ಸಾವಿರಾರು ಪೈನ್ ಸಸಿ ನೆಟ್ಟ. ಶರತ್ಕಾಲ ಬಂತೆಂದರೆ ಬೇಟೆಗೂ ಹೊರಡುತ್ತಿದ್ದ.

ನಿಜವಾದ ಪರೀಕ್ಷೆ ಎದುರಾದದ್ದು 1943ರಲ್ಲಿ. ಅಷ್ಟರಲ್ಲಿ ವಿಸ್ಕಾನ್ಸಿನ್‌ನ ಉತ್ತರದ ಕಾಡುಗಳಲ್ಲಿ ತೋಳಗಳು ಬಹುಪಾಲು ಅಳಿದಿದ್ದವು. ಹಿಮ ಬಿದ್ದಾಗ ಬಿಳಿಬಾಲದ ಜಿಂಕೆಗಳು ಸೀಡರ್ ಮರಗಳ ಜೌಗುಗಳಲ್ಲಿ ಒತ್ತೊತ್ತಾಗಿ ಸೇರುತ್ತಿದ್ದವು. ಬಾಯಿಗೆ ಎಟುಕುವವರೆಗಿನ ಎಲೆಯೆಲ್ಲ ಮುಗಿದ ಮೇಲೆ ಮರಿಗಳು ಮೊದಲು ಸಾಯುತ್ತಿದ್ದವು. ಎಳೆಯ ಮರಗಳೂ ಉಳಿಯುತ್ತಿರಲಿಲ್ಲ. ಗಂಡು ಜಿಂಕೆಗಳನ್ನಷ್ಟೇ ಹೊಡೆದರೆ ಹಿಂಡು ಕರಗದು, ಹೆಣ್ಣುಗಳನ್ನೂ ಬೇಟೆಯಾಡಬೇಕೆಂದು ಲಿಯೊಪೋಲ್ಡ್ ವಾದಿಸಿದ. ಆ ವರ್ಷ ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯನಾಗಿ ಅದಕ್ಕೆ ಮತವನ್ನೂ ಕೊಟ್ಟ. ಆ ಋತುವಿನಲ್ಲಿ ಸುಮಾರು 1,28,000 ಜಿಂಕೆಗಳು ಬಲಿಯಾದವು.

ಜನ ಸಿಡಿದೆದ್ದರು. ಹೆಣ್ಣು ಜಿಂಕೆಯನ್ನು ಕೊಲ್ಲಬಾರದೆಂದು ದಶಕಗಳಿಂದ ಕಲಿತಿದ್ದ ಬೇಟೆಗಾರರೇ ಮುಂದೆ ನಿಂತರು. ಈ ನೀತಿಯನ್ನು ವಿರೋಧಿಸಲೆಂದೇ ಒಂದು ಪತ್ರಿಕೆ ಹುಟ್ಟಿಕೊಂಡು ಆತನನ್ನು ಹೀಯಾಳಿಸಿತು. ಮರುವರ್ಷವೇ ಆಯೋಗ ಹಿಂದೆ ಸರಿದು, ಗಂಡು ಜಿಂಕೆಗಳ ಬೇಟೆಗಷ್ಟೇ ಅನುಮತಿ ಕೊಟ್ಟಿತು. ಆತನ ಸುಂದರ ಗದ್ಯಕ್ಕಿಂತ ಈ ಸೋಲೇ ನನಗೆ ಮುಖ್ಯವೆನಿಸುತ್ತದೆ. ಕಾಡನ್ನು ಹೊಗಳಿದವರು ಎಷ್ಟೋ ಮಂದಿ. ಕಾಡಿಗಾಗಿ ನೆರೆಹೊರೆಯವರ ಸಿಟ್ಟನ್ನು ಹೊತ್ತವರು ವಿರಳ. ಅರಿಜೋನಾದಲ್ಲಿ ತಾನು ಕೊಂದ ತೋಳದ ಬಗೆಗಿನ ಪ್ರಸಿದ್ಧ ಪ್ರಬಂಧವನ್ನು ಆತ ಬರೆದದ್ದು ಈ ಗದ್ದಲದ ನಡುವೆ, 1944ರಲ್ಲಿ.

1948ರ ಏಪ್ರಿಲ್ 21ರಂದು, ಸಾಕ್ ಕೌಂಟಿಯ ನೆರೆಯವರ ಹೊಲಕ್ಕೆ ಬಿದ್ದ ಬೆಂಕಿಯನ್ನು ಆರಿಸಲು ಹೋದಾಗ ಹೃದಯಾಘಾತವಾಗಿ ಲಿಯೊಪೋಲ್ಡ್ ತೀರಿಕೊಂಡ. ಪ್ರಬಂಧ ಸಂಕಲನವನ್ನು ಪ್ರಕಟಿಸಲು ಪ್ರಕಾಶಕರು ಒಪ್ಪಿ ಒಂದು ವಾರವಾಗಿತ್ತಷ್ಟೆ. 1949ರಲ್ಲಿ ‘ಎ ಸ್ಯಾಂಡ್ ಕೌಂಟಿ ಆಲ್ಮನಾಕ್’ ಹೊರಬಂತು. ಅದೇ ವರ್ಷ ವಿಸ್ಕಾನ್ಸಿನ್ ಸರ್ಕಾರ ಹೆಣ್ಣು ಜಿಂಕೆಗಳ ಬೇಟೆಗೆ ಮತ್ತೆ ಅನುಮತಿ ನೀಡಿತು.